ಭೂಮಿ ಯಾರು ಮಾಡಿದ್ದು ಎಂದು ಕೇಳುತ್ತಿದ್ದ ಓನರಮ್ಮ

ನಮ್ಮ ಓನರಮ್ಮನ ಕನ್ನಡಕದ ಎಡಗಡೆಯ ಕಡ್ಡಿಗೆ ಮೋಟಾರು ವೈಂಡಿಂಗಿನ ತಾಮ್ರದ ತಂತಿ ಸುತ್ತಿತ್ತು. ಬಿಸಿಲಿಗೆ ಅದು ಹೊಳೆದರೆ ಹೊಸಬರು ಚಿನ್ನವೆಂದೇ ತಿಳಿಯುತ್ತಿದ್ದರು. ಮಾದನಾಯಕನಹಳ್ಳಿಯಲ್ಲಿ ಅವರ ರಾಗಿ ಹೊಲವಿದ್ದ ಕಡೆ ಈಗ ಬಾಡಿಗೆ ರೂಮುಗಳ ಸಾಲು. ರೂಮು ಕೇಳಿಕೊಂಡು ಹೋದ ನಾನು, ಊರು ರಾಯಚೂರು, ಕೆಲಸ ಪೀಣ್ಯದಲ್ಲಿ ಎಂದೆ. ಅದೆಲ್ಲ ಅವರಿಗೆ ಬೇಕಿರಲಿಲ್ಲ.

"ನಿಮ್ ಕಡೆ ಭೂಮಿ ಯಾರು ಮಾಡಿದ್ದು ಅಂತಾರೆ?" ಎಂದರು.

ಡಿಪ್ಲೊಮಾ ಓದಿದವನಲ್ಲವೇ, ಮಹಾಸ್ಫೋಟದ ವಿಷಯ ವಿವರಿಸಿದೆ. ತಾಳ್ಮೆಯಿಂದ ಕೇಳಿಸಿಕೊಂಡು, "ಆ ಸದ್ದು ಯಾರ್ಗೆ ಕೇಳಿಸ್ತು?" ಎಂದರು. ಆದರೂ ರೂಮು ಕೊಟ್ಟರು, ನೀರಿನ ಟ್ಯಾಂಕಿನ ಕೆಳಗಿನದು. ಅಂದಿನಿಂದ ಎಲ್ಲರಿಗೂ ನನ್ನನ್ನು 'ಕತೆ ಇಲ್ಲದ ಹುಡುಗ' ಎಂದೇ ಪರಿಚಯಿಸುತ್ತಿದ್ದರು.

ಬಾಡಿಗೆಗೆ ಬಂದ ಪ್ರತಿಯೊಬ್ಬರಿಗೂ ಇದೇ ಪ್ರಶ್ನೆ. ಮಣಿಪುರದ ಹುಡುಗಿಯರು, ಮನುಷ್ಯರೆಲ್ಲ ನೆಲದೊಳಗಿನ ಒಂದು ಬಿಲದಿಂದ ಹೊರಬಂದವರು ಎಂದಿದ್ದರಂತೆ. ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗಲೆಲ್ಲ ಓನರಮ್ಮ, ಆ ಬಿಲವನ್ನು ಯಾರಾದರೂ ಬೇಗ ಮುಚ್ಚಬಹುದಿತ್ತು ಎನ್ನುತ್ತಿದ್ದರು. ಅವರಿಗೆ ತುಂಬ ಹಿಡಿಸಿದ್ದು ಜಾರ್ಖಂಡದ ದಂಪತಿಗಳ ಕತೆ. ಮೊದಲು ಎಲ್ಲೆಲ್ಲೂ ನೀರು. ಎರೆಹುಳ ತಳದಿಂದ ಮಣ್ಣು ತಂದು ಆಮೆಯ ಬೆನ್ನ ಮೇಲೆ ಹಾಕಿತು. ಎರಡು ಹಕ್ಕಿಗಳಿಟ್ಟ ಮೊಟ್ಟೆಯಿಂದ ಗಂಡು ಹೆಣ್ಣು ಹುಟ್ಟಿದರು.

ಇದನ್ನು ಕೇಳಿದ ಮೇಲೆ, ಕೆಳಗಿರುವ ಎರೆಹುಳಗಳಿಗೆ ಉಸಿರು ಕಟ್ಟೀತೆಂದು ಅಂಗಳಕ್ಕೆ ಸಿಮೆಂಟು ಹಾಕಿಸಲು ಅವರು ಬಿಡಲಿಲ್ಲ. ಕಾರು ನಿಲ್ಲಿಸಲು ಜಾಗ ಬೇಕಿದ್ದ ಮಗ, ಬುದ್ಧಿ ಹೇಳಿಸಲೆಂದು ಪುರಾಣ ಹೇಳುವವರೊಬ್ಬರನ್ನು ಕರೆತಂದ. ಅವರು ತಾವರೆಯಿಂದ ಬ್ರಹ್ಮ ಹುಟ್ಟಿದ್ದನ್ನು ಚೆನ್ನಾಗಿಯೇ ವರ್ಣಿಸಿದರು.

"ತಾವ್ರೆ ಬೆಳ್ಯೋದು ಎಲ್ಲಿ ಸ್ವಾಮಿ?"

"ಕೆಸರಲ್ಲಿ ತಾಯಿ."

"ಅಂಗಾರೆ ಕೆಸ್ರು ಮೊದ್ಲೇ ಇತ್ತಲ್ಲ. ಅದ್ನ ತಂದೋರ್ಯಾರು?"

ಪುರಾಣದವರು ಕಾಫಿ ಮುಗಿಸಿ ಎದ್ದರು. ಅಂಗಳ ದಾಟುವಾಗ ಹೆಜ್ಜೆ ನೋಡಿ ನೋಡಿ ಇಟ್ಟಿದ್ದನ್ನು ನಾನೇ ಕಂಡೆ.

ಒಂದು ಭಾನುವಾರ ಓನರಮ್ಮ ನನ್ನ ಬಾಗಿಲಿಗೇ ಬಂದು, "ನಿನ್ಗೆ ಗೊತ್ತಿಲ್ದಿದ್ರೆ ನಿಮ್ಮವ್ವನ್ನ ಕೇಳು" ಎಂದರು. ಸೋದರಮಾವನ ಮಗಳನ್ನು ಮದುವೆಯಾಗಲು ಒಪ್ಪದೆ, ಆಡಬಾರದ ಮಾತಾಡಿ ಊರು ಬಿಟ್ಟಿದ್ದೆ. ಅವ್ವನ ಜೊತೆ ಮಾತು ನಿಂತು ವರ್ಷದ ಮೇಲಾಗಿತ್ತು. ಅದನ್ನು ಹೇಳಲು ನಾಚಿಕೆ. ಓನರಮ್ಮ ಕದಲಲಿಲ್ಲ. ಅವರಿಗೂ ಕೇಳಲೆಂದು ಸ್ಪೀಕರ್ ಹಾಕಿ ಫೋನು ಹಚ್ಚಿದೆ.

"ಅವ್ವಾ, ಭೂಮಿ ಯಾರು ಮಾಡ್ಯಾರ?"

ಅವ್ವ ಮೆಲ್ಲಗೆ, "ಜ್ವರ ಬಂದಾವೇನೋ?" ಎಂದಳು.

ಇಲ್ಲವೆಂದು ನಂಬಿಸಿದೆ. ಮೂಗೆಳೆದುಕೊಳ್ಳುತ್ತಲೇ ಅವ್ವ, ಆದಿಶಕ್ತಿ ಹಕ್ಕಿಯಾಗಿ ಮೂರು ತತ್ತಿ ಇಟ್ಟು, ಅವುಗಳಿಂದ ಮೂವರು ದೇವರು ಹುಟ್ಟಿದ ಕತೆ ಹೇಳಿದಳು. "ಇವ್ರದೂ ಮೊಟ್ಟೆನೇ" ಎಂದು ಓನರಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡರು. ಒಂದು ಗಂಟೆ ಮಾತಾಡಿದರು. ಫೋನು ವಾಪಸು ಬಂದಾಗ ಅವ್ವ ಮದುವೆಯ ಸುದ್ದಿ ಎತ್ತಲಿಲ್ಲ, ಉಂಡೆಯಾ ಎಂದಷ್ಟೇ ಕೇಳಿದಳು. ಓನರಮ್ಮ ಒಂದು ವಾರ ಮೊಟ್ಟೆ ಮುಟ್ಟಲಿಲ್ಲ. ಒಳಗೆ ಯಾರಿದ್ದಾರೋ ಏನೋ ಎಂಬ ಅನುಮಾನ.

ಹೋದ ಕಾರ್ತಿಕದಲ್ಲಿ, ಬೆಳಗಿನ ಹೊತ್ತು ಅವರೆಕಾಯಿ ಬಿಡಿಸುತ್ತ ಕೂತಿದ್ದವರು ಹಾಗೇ ಹೋಗಿಬಿಟ್ಟರು. ತಿಥಿಗೆ ಅವ್ವ ರಾಯಚೂರಿನಿಂದ ಬಂದಳು. ಅವರ ಮುಖವನ್ನು ಅವಳು ಕಂಡದ್ದು ಹೂವಿನ ಹಾರ ಹಾಕಿದ ಫೋಟೋದಲ್ಲೇ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ನೆಂಟರ ಹೆಂಗಸು, ನೀವು ಅವರಿಗೆ ಏನಾಗಬೇಕು ಎಂದು ಕೇಳಿದರು.

"ಏನೂ ಆಗಬೇಕಿಲ್ರೀ. ಮಗ ಮಾತು ಬಿಟ್ಟಿದ್ದ. ಮಾತಾಡಿಸಿ ಕೊಟ್ಟಾರ" ಎಂದಳು ಅವ್ವ.

ನಾನು ಸಾರಿನ ಬಕೆಟ್ಟು ಹಿಡಿದು ಅಲ್ಲೇ ನಿಂತಿದ್ದೆ. ಅವ್ವನ ಎಲೆಗೆ ಇನ್ನೊಂದು ಸೌಟು ಸಾರು ಹಾಕಿದೆ.