‘ಹೋಮೇಜ್’ ಎಂದು ಬರೆಸಿದ ದಿನ

ಮರ್ಫಿ ಟೌನಿನ ವೃದ್ಧರೊಬ್ಬರು ಹಲಸೂರಿನ ನಮ್ಮ ಬೀದಿಯ ದೇವಸ್ಥಾನಕ್ಕೆ ನಲವತ್ತು ವರ್ಷ ಮಾಲೆ ಕಟ್ಟಿಕೊಟ್ಟವರು. ಅವರು ಆಸ್ಪತ್ರೆ ಸೇರುವವರೆಗೂ ಸ್ವಾಮಿಯ ಕೊರಳಿಗೆ ಅವರ ಕೈಯ ಹೂವು ಬೀಳದ ದಿನ ನನಗೆ ನೆನಪಿಲ್ಲ. ಹೃದಯದ ಶಸ್ತ್ರಚಿಕಿತ್ಸೆಯಾಗಿ ಅವರು ಮನೆಗೆ ಮರಳಿದ ತಿಂಗಳು, ಅವರನ್ನು ಸನ್ಮಾನಿಸಬೇಕೆಂದು ನಾವು ಬೀದಿಯವರು ನಿಶ್ಚಯಿಸಿದೆವು. ಕನ್ನಡ, ತಮಿಳು, ಉರ್ದು ಆಡುವವರೆಲ್ಲ ಬರುತ್ತಾರೆ, ಬ್ಯಾನರು ಇಂಗ್ಲಿಷಿನಲ್ಲಿರಲಿ ಎಂದು ಉಳಿದವರು ಹೇಳಿದರು. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ್ದ ನನಗೆ ಪದ ಆರಿಸುವ ಹೊಣೆ ಬಂತು.

ನಿಘಂಟು ತೆರೆದು ಕುಳಿತೆ. ‘ಪ್ರೇಸ್’ ಬಾಯಿಯ ಮಾತು. ದೇವರಿಗೂ ಸಲ್ಲುತ್ತದೆ, ಪಾಠ ಒಪ್ಪಿಸಿದ ಮಗುವಿಗೂ ಸಲ್ಲುತ್ತದೆ. ‘ಆನರ್’ ಗೌರವವೇ ಸರಿ. ಆದರೆ ಕೊಡುವವನು ಒಂದು ಮೆಟ್ಟಿಲು ಮೇಲೆ ನಿಂತಂತೆ ನನಗೆ ತೋರಿತು. ‘ಫೆಲಿಸಿಟೇಷನ್’ ವಾರವಾರವೂ ಯಾವುದಾದರೊಂದು ಕಲ್ಯಾಣಮಂಟಪದ ಮುಂದೆ ತೂಗುವ ಪದ. ‘ಹೋಮೇಜ್’ ಎಂಬಲ್ಲಿ ಮಾತ್ರ ಹೇಳುವವನ ತಲೆ ಬಾಗಿರುತ್ತದೆ. ನಮ್ಮ ‘ನಮನ’ಕ್ಕೆ ಅದೇ ಸಮೀಪವೆಂದು ತಿಳಿದು, ಅವರ ಹೆಸರಿನ ಮೇಲೆ ದೊಡ್ಡಕ್ಷರದಲ್ಲಿ ಬರೆಸಿದೆ. ಒಳಗೊಳಗೆ ಹಿಗ್ಗಿದ್ದೆನೆಂಬುದನ್ನೂ ಒಪ್ಪಿಕೊಳ್ಳಬೇಕು.

ಸನ್ಮಾನದ ಬೆಳಿಗ್ಗೆ ವೃದ್ಧರು ಪತ್ನಿಯೊಂದಿಗೆ ಬಂದರು. ಬ್ಯಾನರನ್ನು ಕಂಡ ಪತ್ನಿ ದೇವಸ್ಥಾನದ ಮೆಟ್ಟಿಲ ಬಳಿಯೇ ನಿಂತುಬಿಟ್ಟರು.

“ಮೇಷ್ಟ್ರೇ, ಪೇಪರ್‌ನಲ್ಲಿ ತೀರಿಹೋದೋರ ಫೋಟೋ ಮೇಲೆ ಹಾಕ್ತಾರಲ್ಲ, ಅದೇ ಅಲ್ವಾ ಇದು? ನಮ್ಮಪ್ಪಂಗೂ ಹಾಕ್ಸಿದ್ವಿ. ಅಕ್ಷರ ಗುರುತಿದೆ ನಂಗೆ.”

ನಿಘಂಟಿನ ಅರ್ಥ ನಾಲಿಗೆಯ ತುದಿಯವರೆಗೆ ಬಂತು. ಅಷ್ಟರಲ್ಲಿ ಆಕೆ ಗಂಡನ ತೋಳು ಹಿಡಿದು ಒಂದು ಹೆಜ್ಜೆ ಹಿಂದಕ್ಕೆಳೆದುಕೊಂಡರು. “ತಪ್ಪಾಯ್ತಮ್ಮ,” ಎಂದಷ್ಟೇ ಹೇಳಿದೆ.

ಗಂಡ ನಕ್ಕರು. “ಬಿಡೇ, ಆಸ್ಪತ್ರೆಯೋರೇ ವಾಪಸ್ ಕಳ್ಸವ್ರೆ. ಮೇಷ್ಟ್ರು ಒಂದ್ ಪದದಲ್ಲಿ ಮೇಲಕ್ ಕಳ್ಸಿಬಿಡ್ತಾರಾ?”

“ನಿಮಗೆಲ್ಲಾ ತಮಾಷೆ. ಅದನ್ನ ತೆಗೆಯೋವರ್ಗೂ ಒಳಗ್ ಹೋಗ್ಬೇಡಿ.”

“ಬೇರೆ ಏನು ಬರೆಸಲಮ್ಮ?” ಎಂದು ಕೇಳಿದೆ.

“ಅವ್ರ ಹೆಸರಿದ್ಯಲ್ಲ, ಸಾಕು.”

ಬ್ಯಾನರನ್ನು ಇಳಿಸಿ, ಆ ಪದ ಕಾಣದಂತೆ ಮೇಲಿನ ಭಾಗವನ್ನು ಹಿಂದಕ್ಕೆ ಮಡಿಸಿದೆವು. ಆಕೆ ಚೀಲದಿಂದ ಹೂ ಕಟ್ಟುವ ದಾರ ತೆಗೆದುಕೊಟ್ಟರು. ವೃದ್ಧರು ಮೆಟ್ಟಿಲ ಮೇಲೆ ಕುಳಿತು, ಮಾಲೆಗೆ ಹಾಕುವ ಗಂಟನ್ನೇ ಹಾಕಿ ಮಡಿಕೆಯನ್ನು ಬಿಗಿದರು. ಮತ್ತೆ ಏರಿಸಿದಾಗ ಹೆಸರೊಂದೇ ಉಳಿದಿತ್ತು.

ಆಕೆ ಗಂಟನ್ನು ಎರಡು ಬಾರಿ ಎಳೆದು ನೋಡಿದರು. ಆಮೇಲೆ ಗಂಡನಿಗೆ, “ಈಗ ನಡೀರಿ,” ಎಂದರು.