ಅಮಾವಾಸ್ಯೆಯ ದಾಖಲೆ ಉತ್ಪಾದನೆ

ಯಾವ ಉದ್ಯಮಕ್ಕೆ ಹೋದರೂ ಅಲ್ಲಿನ ಕೆಲಸ ಗೊತ್ತಿರಬೇಕಾಗಿಲ್ಲ ಎನ್ನುವುದೇ ಜಯಪ್ರಿಯಾಳ ಉದ್ಯೋಗದ ದೊಡ್ಡ ಅನುಕೂಲ. ಸೇಲಂನ ನೇಕಾರರ ಮನೆಯ ಈ ಹುಡುಗಿ ಸಂಖ್ಯಾಶಾಸ್ತ್ರ ಓದಿ ಡೇಟಾ ಸೈನ್ಸ್ ಮ್ಯಾನೇಜರ್ ಆದಳು. ಧರ್ಮಪುರಿಯ ಮಾವಿನ ತಿರುಳಿನ ಕಾರ್ಖಾನೆಯಲ್ಲಿ ಒಂದು ಹಣ್ಣನ್ನೂ ಮುಟ್ಟದೆ ಹಣ್ಣಿನ ಭವಿಷ್ಯ ಹೇಳಿದಳು. ಆಮೇಲೆ ಒಂದು ಆಸ್ಪತ್ರೆ. ಮತ್ತೆ ಬಾರದ ಗ್ರಾಹಕರು ಯಾರು ಎಂದು ಅವಳ ಮಾಡೆಲ್ ಕರಾರುವಾಕ್ಕಾಗಿ ಕಂಡುಹಿಡಿಯಿತು. ಅವರೆಲ್ಲ ರೋಗ ವಾಸಿಯಾದವರು. ಆಡಳಿತ ಮಂಡಳಿ ನೊಂದುಕೊಂಡು ಅವರಿಗೆ ರಿಯಾಯಿತಿ ಕೂಪನ್ ಕಳಿಸಿತು. ಅಲ್ಲಿಂದ ಬಸ್ಸಿನ ಕಂಪನಿಗೆ ಹೋದಳು. ತೊಪ್ಪೂರು ಘಾಟಿಯಲ್ಲಿ ವೇಗ ತಗ್ಗಿಸುವ ಡ್ರೈವರುಗಳನ್ನೆಲ್ಲ ಮಾಡೆಲ್ ಸೋಮಾರಿಗಳೆಂದು ಗುರುತಿಸಿತು. ಜೀವಂತ ಇರುವವರೆಲ್ಲ ಆ ಪಟ್ಟಿಯಲ್ಲಿದ್ದರು.

ಹೀಗೆ ಅನುಭವ ಮಾಗಿದ ಮೇಲೆ ರೇಷ್ಮೆ ಸೀರೆಯ ಕಂಪನಿಯೊಂದು ಅವಳನ್ನು ಕರೆಯಿತು. ಅದು ಮನೆಮನೆಯ ಕೈಮಗ್ಗಗಳಿಗೆ ರೇಷ್ಮೆ ಕೊಟ್ಟು ಸೀರೆ ನೇಯಿಸಿಕೊಳ್ಳುತ್ತಿತ್ತು. ಪ್ರತಿ ಮಗ್ಗಕ್ಕೂ ಬೆಂಕಿಪೊಟ್ಟಣದಷ್ಟು ಪುಟ್ಟ ಪೆಟ್ಟಿಗೆ ಕಟ್ಟಿದ್ದರು. ಮಗ್ಗದ ಒಂದು ಬಡಿತಕ್ಕೆ ಪೆಟ್ಟಿಗೆಯಲ್ಲಿ ಒಂದು ಎಣಿಕೆ. ಹೇಳದೆ ಕೇಳದೆ ನಿಂತ ಮಗ್ಗ ಜಯಪ್ರಿಯಾಳ ಪರದೆಯ ಮೇಲೆ ಕೆಂಪಾಗುತ್ತಿತ್ತು. ಎರಡು ಸಲ ಕೆಂಪಾದ ಮಗ್ಗಕ್ಕೆ ಆಮೇಲೆ ರೇಷ್ಮೆ ಇಲ್ಲ.

ಮೊದಲ ಅಮಾವಾಸ್ಯೆಗೆ ನೇಕಾರರ ಒಂದು ಇಡೀ ಬೀದಿ ಕೆಂಪಾಯಿತು. ಅದರಲ್ಲಿ ಅವಳ ಸೋದರತ್ತೆ ಮಾರಕ್ಕನ ಮಗ್ಗವೂ ಇತ್ತು. ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ. ಕುಂಕುಮ ಇಟ್ಟು, ದೀಪ ಹಚ್ಚಿ ಸುಮ್ಮನೆ ಬಿಡುತ್ತಾರೆ. ಇದು ಜಯಪ್ರಿಯಾಳಿಗೆ ನಡೆಯಲು ಕಲಿಯುವ ಮೊದಲೇ ಗೊತ್ತಿದ್ದ ವಿಷಯ. ಮೇಲಧಿಕಾರಿ ಪ್ರಭುವಿಗೆ ಹೇಳಿ ನೋಡಿದಳು.

“ಜಯಪ್ರಿಯಾ, ಡೇಟಾದೊಳಗೆ ಸೆಂಟಿಮೆಂಟ್ ತರಬೇಡಿ,” ಎಂದರು ಅವರು.

ಬಡ್ತಿ ಹತ್ತಿರದಲ್ಲಿತ್ತು. ಅವಳು ತರಲಿಲ್ಲ. ಸಂಜೆ ಅತ್ತೆಯ ಮನೆಗೆ ಹೋಗಿ, ಇನ್ನೊಂದು ಸಲ ಕೆಂಪಾದರೆ ರೇಷ್ಮೆ ನಿಲ್ಲುತ್ತದೆ ಎಂದಷ್ಟೇ ಹೇಳಿದಳು.

“ಅಷ್ಟೇತಾನೇ? ಕೆಂಪಾಗ್ದಂಗೆ ನೋಡ್ಕಂತೀವಿ, ಓಗು,” ಎಂದಳು ಮಾರಕ್ಕ.

ನೋಡಿಕೊಂಡರು. ಮುಂದಿನ ಅಮಾವಾಸ್ಯೆಯ ಮಧ್ಯಾಹ್ನ ಬೀದಿಗೆ ಬೀದಿಯೇ ಹಸಿರಾಯಿತು, ಅದೂ ಕಂಪನಿಯ ಚರಿತ್ರೆಯಲ್ಲೇ ಕಾಣದಷ್ಟು ವೇಗದಲ್ಲಿ. ಪ್ರಭು ಫೋನಿನಲ್ಲೇ ಕುಣಿದರು. “ಸೂಪರ್! ಇದನ್ನೇ ಎಲ್ಲ ಮಗ್ಗಗಳಿಗೂ ದಿನದ ಗುರಿ ಮಾಡೋಣ. ತಲುಪದವರಿಗೆ ರೇಷ್ಮೆ ಕಟ್. ನಾಳೆ ಮೀಟಿಂಗ್‌ನಲ್ಲಿ ನೀವೇ ಹೇಳಿ.”

ಜಯಪ್ರಿಯಾ ಆಟೋ ಹತ್ತಿ ಅತ್ತೆಯ ಮನೆಗೆ ಓಡಿದಳು. ಮಗ್ಗ ಕುಂಕುಮ ಇಟ್ಟುಕೊಂಡು ತಣ್ಣಗಿತ್ತು. ಪೆಟ್ಟಿಗೆ ಅದರ ಮೇಲಿರಲಿಲ್ಲ. ಮಾವ ಕುಪ್ಪಸ್ವಾಮಿ ಟಿವಿ ನೋಡುತ್ತ ಉಯ್ಯಾಲೆಯಲ್ಲಿ ಜೀಕುತ್ತಿದ್ದರು. ಪೆಟ್ಟಿಗೆ ಉಯ್ಯಾಲೆಯ ಸರಪಳಿಗೆ ಕಟ್ಟಿತ್ತು.

“ಏನತ್ತೆ ಇದು?”

“ನೂಲು ಮುಟ್ಟಿಲ್ಲಮ್ಮಾ, ಸಾಮಿ ಸತ್ಯವಾಗ್ಲೂ,” ಎಂದಳು ಮಾರಕ್ಕ. “ನಿನ್ ಡಬ್ಬಿಗೆ ಅಲ್ಲಾಡ್ಬೇಕು, ಅಷ್ಟೇ. ಪಕ್ಕದ್ಮನೆ ಮೀನಾ ಕೂಸಿನ ತೊಟ್ಲಿಗೆ ಕಟ್ಟವ್ಳೆ. ಬೆಳಗಿಂದ ಒಂದೇ ಅಳು ಅದು, ತೂಗಿ ತೂಗಿ ಕೈ ಬಿದ್ದೋಗೈತೆ ಅವ್ಳಿಗೆ.”

ಅಂದರೆ ಬೀದಿಯ ಅತ್ಯುತ್ತಮ ನೇಕಾರನಿಗೆ ಇನ್ನೂ ಹಲ್ಲು ಬಂದಿರಲಿಲ್ಲ.

“ಅತ್ತೇ, ಈ ವೇಗಾನೇ ನಿಮ್ಮೆಲ್ಲರ ದಿನದ ಗುರಿ ಮಾಡ್ತಾರಂತೆ!”

“ಅಯ್ಯಯ್ಯೋ!” ಕುಪ್ಪಸ್ವಾಮಿ ಕಾಲೂರಿ ಉಯ್ಯಾಲೆ ನಿಲ್ಲಿಸಿದರು. “ಲೇ ಮಾರಿ, ನಾನು ಮೆಲ್ಲಗೆ ಆಡ್ತೀನಿ ಅಂದೆ, ನೀನೇ ‘ಇನ್ನೂ ಜೋರು, ಇನ್ನೂ ಜೋರು’ ಅಂತ ತಳ್ದೆ!”

ಬಾಯಿ ಮುಚ್ಚಿಕೊಂಡಿದ್ದರೆ ಯಾವ ಮನುಷ್ಯನೂ ತಲುಪಲಾರದ ಗುರಿ, ಬಾಯಿ ಬಿಟ್ಟರೆ ಮೋಸದ ಆರೋಪ. ಎರಡರಲ್ಲೂ ಬೀದಿಗೆ ರೇಷ್ಮೆ ನಿಲ್ಲುತ್ತದೆ.

ಮರುದಿನ ಮೀಟಿಂಗ್‌ನಲ್ಲಿ ಅವಳು ಹೊಗಳಿಕೆಗೆ ಮೊದಲೇ ಎದ್ದು ನಿಂತಳು. “ಸರ್, ನಿನ್ನೆ ಒಂದು ಗೇಣು ಬಟ್ಟೆಯೂ ಆಗಿಲ್ಲ. ಪೆಟ್ಟಿಗೆ ಎಣಿಸಿದ್ದು ಉಯ್ಯಾಲೆ, ತೊಟ್ಟಿಲುಗಳನ್ನ. ಕಟ್ಟಿದವರು ಅವರೇ. ಆದರೆ ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತೆ ಅಂತ ಗೊತ್ತಿದ್ದೂ ಅದನ್ನ ಮಾಡೆಲ್‌ಗೆ ಹಾಕದೆ ಅವರನ್ನ ಕೆಂಪು ಮಾಡಿದವಳು ನಾನು. ತಪ್ಪು ಅಲ್ಲಿಂದ ಶುರುವಾಗಿದ್ದು.”

ಪ್ರಭು ಹುಬ್ಬು ಗಂಟಿಕ್ಕಿದರು. “ಮತ್ತೆ, ತಿಂಗಳಿಗೊಂದು ದಿನ ಸುಮ್ಮನೆ ಕೂರೋದಕ್ಕೆ ನಾವು ಒಪ್ಪಬೇಕಾ?”

“ಮಾವಿನ ಕಾರ್ಖಾನೆಯಲ್ಲಿ ಯಂತ್ರ ತೊಳೆಯೋಕೆ ನಿಲ್ಲಿಸ್ತಿದ್ದರು ಸರ್. ಬಸ್ಸನ್ನ ಶೆಡ್ಡಿಗೆ ಬಿಡ್ತಿದ್ದರು. ಅದಕ್ಕೆ ‘ಪ್ಲ್ಯಾನ್ಡ್ ಮೇಂಟೆನೆನ್ಸ್’ ಅಂತಿದ್ದರು. ಯಂತ್ರಕ್ಕೆ ಯಾರೂ ಕೆಂಪು ಬಳೀತಿರಲಿಲ್ಲ.”

ಪ್ರಭುವಿನ ಮುಖ ಅರಳಿತು. ಅಮಾವಾಸ್ಯೆಗೆ ಒಪ್ಪದ ಮನುಷ್ಯ ಮೇಂಟೆನೆನ್ಸಿಗೆ ಒಂದೇ ಮಾತಿಗೆ ಒಪ್ಪಿದರು. ಬೀದಿಯವರಿಗೆ ಎಚ್ಚರಿಕೆಯ ಪತ್ರ ಹೋಯಿತು, ಜೊತೆಗೆ ರೇಷ್ಮೆಯೂ ಹೋಯಿತು. ಜಯಪ್ರಿಯಾಳ ಬಡ್ತಿ ಮಾತ್ರ, ಮಾಡೆಲ್‌ನಲ್ಲಿ ದೋಷವಿತ್ತೆಂಬ ಕಾರಣಕ್ಕೆ, ಇನ್ನೊಬ್ಬರಿಗೆ ಹೋಯಿತು.

ಮುಂದಿನ ಅಮಾವಾಸ್ಯೆಗೆ ಅವಳು ರಜೆ ಹಾಕಿ ಅತ್ತೆಯ ಮನೆಯಲ್ಲಿ ಕೂತು ಫೋನು ತೆರೆದಳು. ಬೀದಿಯ ಉದ್ದಕ್ಕೂ ಸೊನ್ನೆಗಳು, ಒಂದೂ ಕೆಂಪಾಗಿರಲಿಲ್ಲ. ಎಷ್ಟೋ ಕಂಪನಿಗಳಿಗೆ ಎಷ್ಟೋ ಲೆಕ್ಕ ಕೊಟ್ಟವಳಿಗೆ, ಇದೊಂದು ಸರಿಯಾಗಿದೆ ಎಂದು ಮೊದಲ ಸಲ ಅನ್ನಿಸಿತು.

“ಆ ಪೋನು ಮಡಗು ಕಣೇ,” ಮಾರಕ್ಕ ಎಲೆಯ ಮುಂದಿನಿಂದ ಕೂಗಿದಳು. “ಪಾಯಸ ಆರೋಗ್ತೈತೆ.”