ಬೆಲ್ಲದ ಡಬ್ಬಿಯ ಸದ್ದು

ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಲೇ ಅಡುಗೆಮನೆಯಲ್ಲಿ ಯಾರಿದ್ದಾರೆಂದು ದರ್ಜಿಯಮ್ಮ ಹೇಳಬಲ್ಲಳು. ಹಸಿದವರು ತಿನ್ನಲು ಹುಡುಕುವುದಕ್ಕೆ ಅವಳ ಬಳಿ ಒಬ್ಬೊಬ್ಬರಿಗೆ ಒಂದೊಂದು ಮಾತಿತ್ತು. ಬೆಕ್ಕು ಮೂಸುತ್ತದೆ, ಮಗ ಜಾಲಾಡುತ್ತಾನೆ, ಗಂಡ ಕನ್ನಡಕವಿಲ್ಲದೆ ತಡಕಾಡುತ್ತಾನೆ. ಈಚೆಗೆ ಕೇಳುವ ಸದ್ದು ಮಾತ್ರ ಹಕ್ಕಿ ಕಾಳು ಹೆಕ್ಕಿದಷ್ಟು ಮೆಲ್ಲಗಿತ್ತು. ಅವಳು ಯಂತ್ರ ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಡಬ್ಬಿಯ ಬೆಲ್ಲ ದಿನೇ ದಿನೇ ಇಳಿಯುತ್ತಿತ್ತು. ಅನುಮಾನ ನೆಟ್ಟಗೆ ಹೊಸ ಸೊಸೆಯ ಮೇಲೆ ಹೋಯಿತು.

ಒಂದು ಮಧ್ಯಾಹ್ನ ಸೊಸೆಯನ್ನೇ ಯಂತ್ರದ ಮುಂದೆ ಕೂರಿಸಿದಳು. "ಈ ಅಂಚು ಹೊಲಿ. ಮುಗಿಯೋವರೆಗೆ ಏಳಬೇಡ."

"ಬೆನ್ನ ಹಿಂದೆ ಯಾಕೆ ನಿಂತಿದ್ದೀರಿ ಅತ್ತೆ?"

"ಹೊಲಿಗೆ ನೆಟ್ಟಗೆ ಬರುತ್ತಾ ಅಂತ."

ಯಂತ್ರ ಓಡತೊಡಗಿದ್ದೇ ತಡ, ಒಳಗೆ ಅದೇ ಸದ್ದು. ಸಪ್ಪಳವಾಗದಂತೆ ಹೋಗಿ ನೋಡಿದರೆ ಸಕ್ಕರೆ ಕಾಯಿಲೆಯ ಗಂಡ! ಮಾಯದ ಹುಣ್ಣಿನ ಕಾಲಿಗೆ ಪಟ್ಟಿ, ಮೂಗಿನ ಮೇಲೆ ಕನ್ನಡಕ, ಡಬ್ಬಿಯೊಳಗೆ ಕೈ.

"ಇಲಿ ಬಂದಿತ್ತು ಕಣೇ."

"ಕನ್ನಡಕ ಹಾಕ್ಕೊಂಡ ಇಲೀನಾ? ಕಾಲು ಕಳ್ಕೋಬೇಕು ಅಂತಿದ್ದೀರಾ?" ಗದರುತ್ತಲೇ ಅವಳು ಡಬ್ಬಿ ಕಸಿದುಕೊಂಡಳು.

ಬಾಗಿಲಲ್ಲಿ ಸೊಸೆ ಬಂದು ನಿಂತಿದ್ದಳು. ಅವಳ ಮುಖ ನೋಡಲಾಗದೆ ಅತ್ತೆ ಡಬ್ಬಿಯನ್ನು ಅವಳ ಕೈಗಿಟ್ಟಳು. "ನಿನ್ನ ಕೋಣೇಲಿ ಬಚ್ಚಿಡಮ್ಮ. ಎಲ್ಲಿ ಅಂತ ನಂಗೂ ಹೇಳ್ಬೇಡ."

ಕೊಡುವ ಮುಂಚೆ ಮುಚ್ಚಳ ಹಾಕುವಾಗ, ಬೆಲ್ಲ ಎಷ್ಟಿದೆಯೆಂದು ಕಣ್ಣಲ್ಲೇ ಅಳೆದುಕೊಂಡಿದ್ದಳು.